ಎಂಬತ್ತನೆಯ ದಿನದ ಮದುವೆ: ಅಮೆರಿಕದ ಮೊದಲ ಇಂಗ್ಲಿಷ್ ವಲಸಿಗರ ಸಂಸಾರ

ಸುಸಾನಾ ವೈಟ್ ಎಂಬ ಹೆಣ್ಣುಮಗಳ ಗಂಡ 1621ರ ಫೆಬ್ರವರಿ 21ರಂದು ತೀರಿಕೊಂಡ. ಅದೇ ವರ್ಷದ ಮೇ 12ರಂದು ಆಕೆ ಎಡ್ವರ್ಡ್ ವಿನ್ಸ್ಲೋ ಎಂಬಾತನನ್ನು ಮದುವೆಯಾದಳು. ನಡುವೆ ಕಳೆದದ್ದು ಎಂಬತ್ತು ದಿನ. ವಿನ್ಸ್ಲೋನ ಮೊದಲ ಹೆಂಡತಿ ಎಲಿಜಬೆತ್ ತೀರಿಹೋಗಿ ಆಗ ಏಳೇ ವಾರವಾಗಿತ್ತು. ಮದುವೆಯ ಹೊತ್ತಿಗೆ ಸುಸಾನಾಳ ಕಂಕುಳಲ್ಲಿ ಆರು ತಿಂಗಳು ತುಂಬದ ಕೂಸಿತ್ತು, ಜೊತೆಗೆ ಇನ್ನೊಬ್ಬ ಪುಟ್ಟ ಮಗನಿದ್ದ.

ಸಾವಾದ ಮನೆಯಲ್ಲಿ ವರ್ಷ ಕಳೆಯುವ ತನಕ ಶುಭಕಾರ್ಯವಿಲ್ಲ ಎಂದು ಕೇಳಿ ಬೆಳೆದ ನಮಗೆ ಇದನ್ನು ಓದಿದೊಡನೆ ಮನಸ್ಸು ಹಿಂಜರಿಯುತ್ತದೆ. ನನಗೂ ಹಾಗೇ ಆಯಿತು. ಇಷ್ಟು ಬೇಗ ಮರೆತರೇ ಅನ್ನಿಸಿತು. ಆ ಊರಿನ ಆ ಚಳಿಗಾಲದ ಲೆಕ್ಕವನ್ನು ನೋಡಿದ ಮೇಲೆ ಆ ಪ್ರಶ್ನೆ ಕೇಳಿದ್ದಕ್ಕೇ ಸಂಕೋಚವಾಯಿತು.

ಊರಿನ ಹೆಸರು ಪ್ಲಿಮತ್, ಇಂದಿನ ಅಮೆರಿಕದ ಮ್ಯಾಸಚೂಸೆಟ್ಸ್ ಕರಾವಳಿಯಲ್ಲಿದೆ. ಮೇಫ್ಲವರ್ ಹಡಗಿನಲ್ಲಿ 102 ಪ್ರಯಾಣಿಕರು ಇಂಗ್ಲೆಂಡಿನಿಂದ ಹೊರಟು ಅಲ್ಲಿಗೆ ತಲುಪುವಾಗ 1620ರ ಚಳಿಗಾಲ ಶುರುವಾಗಿತ್ತು. ಮನೆಗಳು ಏಳುವ ಮೊದಲೇ ರೋಗ ಮತ್ತು ಹಸಿವು ಸೇರಿ ಅರ್ಧದಷ್ಟು ಜನರನ್ನು ಬಲಿ ತೆಗೆದುಕೊಂಡವು. ಬಂದಿದ್ದ ಹದಿನೆಂಟು ವಿವಾಹಿತ ಹೆಂಗಸರಲ್ಲಿ ಮೊದಲ ವರ್ಷ ದಾಟಿದವರು ನಾಲ್ಕೈದು ಮಂದಿ. ಪ್ರಿಸಿಲ್ಲಾ ಮಲಿನ್ಸ್ ಎಂಬ ಹುಡುಗಿ ಅದೊಂದೇ ಚಳಿಗಾಲದಲ್ಲಿ ತಂದೆ, ತಾಯಿ, ಒಡಹುಟ್ಟಿದವ ಮೂವರನ್ನೂ ಮಣ್ಣಿಗೆ ಕೊಟ್ಟಳು. ಮುಂದೆ ಹಡಗಿನಲ್ಲಿ ಪೀಪಾಯಿ ಮಾಡುತ್ತಿದ್ದ ಜಾನ್ ಆಲ್ಡನ್‌ನನ್ನು ಮದುವೆಯಾಗಿ ದೊಡ್ಡ ಸಂಸಾರ ಕಟ್ಟಿದಳು. ಇಂಥ ಊರಿನಲ್ಲಿ ಗಂಡಸಿಗೆ ಬಟ್ಟೆ, ಅಡುಗೆ, ಆರೈಕೆ ಬೇಕು. ಹೆಂಗಸಿಗೆ ಮರ ಕಡಿಯುವ, ಹೊಲ ಉಳುವ ಕೈ ಬೇಕು. ಮಕ್ಕಳಿಗೆ ಇಬ್ಬರೂ ಬೇಕು. ಇಬ್ಬರು ಅರ್ಧ ಮುರಿದ ಮನೆಯವರು ಸೇರಿ ಒಂದು ಮನೆ ಮಾಡಿಕೊಂಡರು. ಎಂಬತ್ತು ದಿನ ಅಲ್ಲಿ ಬಹಳ ದೀರ್ಘ ಕಾಲವೇ ಆಗಿದ್ದಿರಬೇಕು.

ಹದಿನೇಳನೆಯ ಶತಮಾನದಲ್ಲಿ ಇಂಗ್ಲಿಷರು ಉತ್ತರ ಅಮೆರಿಕದ ಪೂರ್ವ ಕರಾವಳಿಯಲ್ಲಿ ಮುಖ್ಯವಾಗಿ ಎರಡು ಕಡೆ ನೆಲೆಯೂರಿದರು. ಉತ್ತರದಲ್ಲಿ ಪ್ಲಿಮತ್, ಬಾಸ್ಟನ್ ಇರುವ ನ್ಯೂ ಇಂಗ್ಲೆಂಡ್. ದಕ್ಷಿಣದಲ್ಲಿ ಚೆಸಪೀಕ್ ಕೊಲ್ಲಿಯ ಸುತ್ತಲಿನ ವರ್ಜೀನಿಯಾ ಮತ್ತು ಮೇರಿಲ್ಯಾಂಡ್. ಎರಡೂ ಕಡೆ ಬಂದವರ ಭಾಷೆ ಒಂದೇ, ರಾಜ ಒಬ್ಬನೇ, ಮದುವೆಯ ಬಗ್ಗೆ ತಾಯ್ನಾಡಿನಿಂದ ಹೊತ್ತು ತಂದ ಕಾನೂನೂ ಒಂದೇ. ಆದರೂ ಒಂದು ತಲೆಮಾರು ಕಳೆಯುವಷ್ಟರಲ್ಲಿ ಎರಡು ಕಡೆಯ ಸಂಸಾರಗಳು ಒಂದನ್ನೊಂದು ಗುರುತಿಸಲಾರದಷ್ಟು ಬೇರೆಯಾದವು. ಉತ್ತರದಲ್ಲಿ ಅಜ್ಜ ಅಜ್ಜಿಯರು ಮೊಮ್ಮಕ್ಕಳ ಮದುವೆ ನೋಡುವಷ್ಟು ಬದುಕಿದರು. ದಕ್ಷಿಣದಲ್ಲಿ ಹೆತ್ತ ಮಗು ಮಾತು ಕಲಿಯುವುದನ್ನು ನೋಡಲೂ ಎಷ್ಟೋ ತಂದೆತಾಯಿ ಉಳಿಯಲಿಲ್ಲ. ಧರ್ಮಶ್ರದ್ಧೆಯ ಹೆಚ್ಚು ಕಡಿಮೆಯಿಂದ ಈ ವ್ಯತ್ಯಾಸ ಬಂತು ಎಂದು ಹೇಳುವವರಿದ್ದಾರೆ. ಧರ್ಮಕ್ಕೂ ಪಾಲಿದೆ. ಆದರೆ ನನ್ನ ತಿಳಿವಳಿಕೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಎರಡು ಸಂಗತಿ: ಹಡಗು ಹತ್ತಿ ಬಂದವರು ಯಾರು, ಬಂದ ಮೇಲೆ ಎಷ್ಟು ದಿನ ಬದುಕಿದರು.

ಮತ್ತೊಂದು ಮಾತನ್ನು ಮೊದಲೇ ಹೇಳಬೇಕು. ಈ ಸಂಸಾರಗಳು ಬೇರೂರಿದ್ದು ಖಾಲಿ ನೆಲದಲ್ಲಲ್ಲ. ಪ್ಲಿಮತ್ ಇರುವ ಜಾಗದಲ್ಲಿ ವಾಂಪನೋಗ್ ಮೂಲನಿವಾಸಿಗಳ ಪಟುಕ್ಸೆಟ್ ಎಂಬ ಹಳ್ಳಿಯಿತ್ತು. ಯುರೋಪಿನವರ ಹಡಗುಗಳ ಜೊತೆ ಬಂದ ಸಾಂಕ್ರಾಮಿಕ ರೋಗ 1616ರಿಂದ 1619ರ ನಡುವೆ ಆ ಹಳ್ಳಿಯನ್ನೇ ಅಳಿಸಿತ್ತು. ಮೇಫ್ಲವರ್‌ನವರು ಬಿತ್ತಿದ್ದು ಸತ್ತವರು ಹಸನು ಮಾಡಿದ್ದ ಹೊಲಗಳಲ್ಲಿ. ವರ್ಜೀನಿಯಾದಲ್ಲಿ ಇಂಗ್ಲಿಷರು ಜೇಮ್ಸ್‌ಟೌನ್ ಎಂಬ ಊರು ಕಟ್ಟಿದ್ದು ಪೌಹಾಟನ್ ಎಂಬ ಮೂಲನಿವಾಸಿ ನಾಯಕನ ಅಧೀನದ ನೆಲದಲ್ಲಿ.

ಹೊಗೆಸೊಪ್ಪಿನ ಲೆಕ್ಕ

1607ರಲ್ಲಿ ಜೇಮ್ಸ್‌ಟೌನ್‌ಗೆ ಬಂದಿಳಿದವರು 104 ಮಂದಿ. ಎಲ್ಲರೂ ಗಂಡಸರು ಮತ್ತು ಹುಡುಗರು. ಮರುವರ್ಷ ಬಂದ ಹಡಗಿನಲ್ಲಿ ಇಬ್ಬರು ಹೆಂಗಸರಿದ್ದರು: ಫಾರೆಸ್ಟ್ ಎಂಬಾತನ ಹೆಂಡತಿ ಮತ್ತು ಆಕೆಯ ಸೇವಕಿ ಆ್ಯನ್ ಬರಸ್. ಆ್ಯನ್‌ಗೆ ಸುಮಾರು ಹದಿನಾಲ್ಕು ವರ್ಷ. ಆ ವರ್ಷದ ಕೊನೆಗೆ ಅಲ್ಲಿದ್ದ ಜಾನ್ ಲೇಡನ್ ಎಂಬ ಕೂಲಿಕಾರನ ಜೊತೆ ಆಕೆಯ ಮದುವೆಯಾಯಿತು. ವರ್ಜೀನಿಯಾದಲ್ಲಿ ನಡೆದ ಮೊದಲ ಇಂಗ್ಲಿಷ್ ಮದುವೆ ಅದು.

ಈ ಆ್ಯನ್‌ಳ ಬದುಕನ್ನು ಸ್ವಲ್ಪ ನಿಂತು ನೋಡಬೇಕು. 1609ರಲ್ಲಿ ಮಗಳು ಹುಟ್ಟಿದಳು, ಆ ನೆಲದ ಹೆಸರನ್ನೇ ಇಟ್ಟರು, ವರ್ಜೀನಿಯಾ. ಅದೇ ವರ್ಷದ ಚಳಿಗಾಲದಲ್ಲಿ ಜೇಮ್ಸ್‌ಟೌನ್‌ಗೆ ಬಂದ ಬರವನ್ನು ಚರಿತ್ರೆ ‘ಹಸಿವಿನ ಕಾಲ’ ಎಂದೇ ಕರೆಯುತ್ತದೆ. ನೂರಾರು ಮಂದಿಯಲ್ಲಿ ಉಳಿದವರು ಸುಮಾರು ಅರವತ್ತು ಜನ. ಎಳೆಯ ಕೂಸಿನ ತಾಯಿ ಆ್ಯನ್ ಆ ಕಾಲವನ್ನು ದಾಟಿ ಬದುಕಿದಳು. ಕೆಲವು ವರ್ಷಗಳ ನಂತರ, ಸೈನಿಕ ಶಿಸ್ತಿನ ಆಡಳಿತದಲ್ಲಿ, ವಸಾಹತನ್ನು ನಡೆಸುತ್ತಿದ್ದ ವರ್ಜೀನಿಯಾ ಕಂಪನಿಗೆ ಹೊಲಿದುಕೊಟ್ಟ ಅಂಗಿಗಳು ಗಿಡ್ಡವಾದವೆಂಬ ಕಾರಣಕ್ಕೆ ಆಕೆಗೆ ಚಾಟಿಯೇಟು ಹಾಕಿಸಿದರು. ಆಗ ಆಕೆ ಗರ್ಭಿಣಿ. ಗರ್ಭ ನಿಲ್ಲಲಿಲ್ಲ. 1625ರಲ್ಲಿ ವಸಾಹತಿನ ಜನರ ಎಣಿಕೆ ನಡೆದಾಗ ಲೇಡನ್ ದಂಪತಿಯ ಮನೆಯಲ್ಲಿ ನಾಲ್ಕು ಹೆಣ್ಣುಮಕ್ಕಳಿದ್ದರು. ಗಂಡ, ಹೆಂಡತಿ, ಮಕ್ಕಳು ಎಲ್ಲರೂ ಜೀವಂತವಾಗಿ ಒಂದೇ ಸೂರಿನಡಿ ಇರುವುದು ವರ್ಜೀನಿಯಾದಲ್ಲಿ ಆ ಕಾಲಕ್ಕೆ ಎಷ್ಟು ಅಪರೂಪವೆಂದು ಮುಂದೆ ತಿಳಿಯುತ್ತದೆ.

ಜಾನ್ ರಾಲ್ಫ್ ಎಂಬಾತ ವೆಸ್ಟ್ ಇಂಡೀಸ್ ಕಡೆಯ ತಂಬಾಕಿನ ಬೀಜ ತಂದು 1612ರ ಸುಮಾರಿಗೆ ವರ್ಜೀನಿಯಾದಲ್ಲಿ ಬೆಳೆದ. ಹುಣಸೂರು, ಪಿರಿಯಾಪಟ್ಟಣದ ಕಡೆ ಇಂದಿಗೂ ಬ್ಯಾರನ್‌ಗಳಲ್ಲಿ ಹದ ಮಾಡಿ ಹರಾಜಿಗೆ ಒಯ್ಯುವ ಹೊಗೆಸೊಪ್ಪನ್ನು ‘ವರ್ಜೀನಿಯಾ’ ಎಂದು ಕರೆಯುತ್ತೇವಲ್ಲ, ಆ ಹೆಸರು ಬಂದದ್ದು ಅಲ್ಲಿಂದಲೇ. ರಾಲ್ಫ್‌ನ ಸಂಸಾರವೂ ಆ ಕಾಲದ ಕನ್ನಡಿಯಂತಿದೆ. ಹಸುಗೂಸು ದಾರಿಯಲ್ಲಿ ಬರ್ಮುಡಾ ದ್ವೀಪದಲ್ಲೇ ಸತ್ತಿತು, ಮೊದಲ ಹೆಂಡತಿ ಬಂದ ಹೊಸದರಲ್ಲೇ ತೀರಿಕೊಂಡಳು. 1614ರಲ್ಲಿ ಆತ ಪೌಹಾಟನ್‌ನ ಮಗಳು ಪೊಕಾಹೊಂಟಾಸ್‌ಳನ್ನು ಮದುವೆಯಾದ. ಹಿಂದಿನ ವರ್ಷ ಇಂಗ್ಲಿಷರು ಸೆರೆಹಿಡಿದು ಒತ್ತೆಯಾಗಿ ಇಟ್ಟುಕೊಂಡಿದ್ದ ಹುಡುಗಿ ಆಕೆ. ಸೆರೆಯಲ್ಲಿದ್ದವಳ ಒಪ್ಪಿಗೆಗೆ ಎಷ್ಟು ತೂಕ ಕೊಡಬೇಕು ಎಂಬ ಪ್ರಶ್ನೆಯನ್ನು ಬದಿಗಿಟ್ಟು ಈ ಮದುವೆಯನ್ನು ಪ್ರೇಮಕಥೆಯಾಗಿ ಓದಲು ನನಗೆ ಸಾಧ್ಯವಾಗುವುದಿಲ್ಲ. 1617ರಲ್ಲಿ ಆಕೆ ಇಂಗ್ಲೆಂಡಿನಲ್ಲಿ ತೀರಿಕೊಂಡಳು. ರಾಲ್ಫ್ ಮೂರನೆಯ ಮದುವೆಯಾದ, 1622ರಲ್ಲಿ ತಾನೂ ತೀರಿಕೊಂಡ.

ಹೊಗೆಸೊಪ್ಪಿನಲ್ಲಿ ಹಣ ಕಂಡ ಗಂಡಸರು ಗಂಟು ಮಾಡಿಕೊಂಡು ಇಂಗ್ಲೆಂಡಿಗೆ ಮರಳುವ ಯೋಚನೆಯಲ್ಲಿದ್ದರು. ಅವರನ್ನು ನೆಲಕ್ಕೆ ಕಟ್ಟಿಹಾಕಬೇಕಾದರೆ ಹೆಂಡತಿ ಬೇಕು ಎಂದು ವರ್ಜೀನಿಯಾ ಕಂಪನಿ ತೀರ್ಮಾನಿಸಿತು. (1609ರಿಂದ ಹತ್ತು ವರ್ಷ ಈ ಕಂಪನಿಯ ಮುಖ್ಯಸ್ಥನಾಗಿದ್ದ ಥಾಮಸ್ ಸ್ಮಿತ್ ನಮ್ಮ ದೇಶಕ್ಕೆ ಬಂದ ಈಸ್ಟ್ ಇಂಡಿಯಾ ಕಂಪನಿಯ ಮೊದಲ ಗವರ್ನರ್ ಕೂಡ.) 1620ರಲ್ಲಿ ಸುಮಾರು ತೊಂಬತ್ತು, ಮರುವರ್ಷ ಐವತ್ತಕ್ಕೂ ಹೆಚ್ಚು ಅವಿವಾಹಿತ ಹೆಣ್ಣುಮಕ್ಕಳನ್ನು ಹಡಗು ಹತ್ತಿಸಿದರು. 1621ರ ಗುಂಪಿನವರ ಪಟ್ಟಿ ಉಳಿದುಬಂದಿದೆ. ಯಾರ ಮಗಳು, ಎಷ್ಟು ವಯಸ್ಸು, ಏನೇನು ಕೆಲಸ ಬಲ್ಲಳು ಎಂದು ಅದರಲ್ಲಿ ಬರೆದಿದ್ದಾರೆ: ನೂಲುವುದು, ಕಸೂತಿ, ಬೆಣ್ಣೆ ತೆಗೆಯುವುದು, ಬ್ರೆಡ್ ಸುಡುವುದು, ಬಿಯರ್ ಕಾಯಿಸುವುದು. ಹಲವರಿಗೆ ತಂದೆಯಿಲ್ಲ. ಪ್ರತಿಯೊಬ್ಬಳಿಗೂ ಕಂಪನಿ ಉಡುಪು, ಎರಡು ಜೊತೆ ಬೂಟು, ಕಾಲುಚೀಲ ಹೆಣೆಯಲು ನೂಲು ಕೊಟ್ಟಿತು. ಇವರಲ್ಲೊಬ್ಬಳನ್ನು ಮದುವೆಯಾಗುವವನು ಕಂಪನಿಗೆ ಉತ್ತಮ ದರ್ಜೆಯ 120 ಪೌಂಡ್ ಹೊಗೆಸೊಪ್ಪು ಕೊಡಬೇಕು. ಆಮೇಲೆ ಅದು 150 ಪೌಂಡ್ ಆಯಿತು. ನಮ್ಮ ಲೆಕ್ಕದಲ್ಲಿ ಐವತ್ತನಾಲ್ಕು ಕಿಲೋ, ಅರವತ್ತೆಂಟು ಕಿಲೋ.

ನಮ್ಮ ಹಲವು ಸಮುದಾಯಗಳಲ್ಲಿ ಇದ್ದ ತೆರ ಇದಕ್ಕೆ ಹೋಲುತ್ತದೆಯೇ? ಮೇಲುನೋಟಕ್ಕೆ ಹೌದು. ಆದರೆ ತೆರದ ಹಣ ಹೆಣ್ಣನ್ನು ಸಾಕಿದ ಮನೆಗೆ ಹೋಗುತ್ತಿತ್ತು, ಅವಳು ಹೋದ ಮೇಲೆ ಅಲ್ಲಿ ಒಂದು ಜೋಡಿ ದುಡಿಯುವ ಕೈ ಕಡಿಮೆಯಾಗುತ್ತದೆ ಎಂಬ ತಿಳಿವಳಿಕೆ ಅದರ ಹಿಂದೆ ಇತ್ತು. ಇಲ್ಲಿ ಹೊಗೆಸೊಪ್ಪು ಹೋದದ್ದು ಹಡಗಿನ ಖರ್ಚಿಗೆ ಬಂಡವಾಳ ಹಾಕಿದ ಲಂಡನ್ನಿನ ಶೇರುದಾರರಿಗೆ. ಹೆಣ್ಣುಮಕ್ಕಳನ್ನು ಅವರ ಇಚ್ಛೆಗೆ ವಿರುದ್ಧವಾಗಿ ಯಾರಿಗೂ ಕಟ್ಟಬಾರದು, ಆಳುಗಳಿಗೆ ಕೊಡಬಾರದು ಎಂದು ಕಂಪನಿ ಬರೆದು ಕಳಿಸಿದ್ದೂ ನಿಜ. ಆದರೆ ಅಟ್ಲಾಂಟಿಕ್ ಸಾಗರದ ಆಚೆ ದಡದಲ್ಲಿ, ಕೈಯಲ್ಲಿ ಕಾಸಿಲ್ಲದ ಇಪ್ಪತ್ತರ ಹುಡುಗಿ ‘ಒಲ್ಲೆ’ ಎಂದು ಎಷ್ಟು ಸಲ ಹೇಳಬಲ್ಲಳು? 1622ರ ಮಾರ್ಚ್ 22ರಂದು, ತಮ್ಮ ನೆಲ ಕೈಬಿಡುತ್ತಿರುವುದನ್ನು ಕಂಡ ಪೌಹಾಟನ್ ಜನ ಒಪೆಕ್ಯಾಂಕನೋ ಎಂಬ ನಾಯಕನಡಿ ವಸಾಹತಿನ ಮೇಲೆ ಬಿದ್ದಾಗ 347 ಇಂಗ್ಲಿಷರು ಸತ್ತರು. ಕೊನೆಯ ಹಡಗುಗಳಲ್ಲಿ ಬಂದ ಮದುಮಗಳಂದಿರಿಗೆ ಆಗ ಆ ನೆಲದಲ್ಲಿ ಕೆಲವೇ ತಿಂಗಳು ಕಳೆದಿತ್ತು.

ಇದೇ ಕೆಲಸವನ್ನು ಉತ್ತರಕ್ಕೆ, ಇಂದಿನ ಕೆನಡಾದ ಕ್ವಿಬೆಕ್‌ನಲ್ಲಿ, ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿ ಸ್ವತಃ ಕೈಗೆತ್ತಿಕೊಂಡ. 1663ರಿಂದ 1673ರವರೆಗೆ ಸುಮಾರು ಎಂಟುನೂರು ಹುಡುಗಿಯರನ್ನು ಸರ್ಕಾರಿ ಖರ್ಚಿನಲ್ಲಿ ಕಳಿಸಿದ. ಅವರಿಗೆ ‘ದೊರೆಯ ಹೆಣ್ಣುಮಕ್ಕಳು’ ಎಂದೇ ಹೆಸರು. ಆ ಹುಡುಗಿಯರಲ್ಲಿ ಚುರುಕಾದವರು ಗಂಡಿಗೆ ಕೇಳುತ್ತಿದ್ದ ಮೊದಲ ಪ್ರಶ್ನೆ, ‘ನಿನಗೆ ಮನೆ ಇದೆಯೇ?’ ಹತ್ತು ಮಕ್ಕಳಿದ್ದ ಮನೆಗೆ ವರ್ಷಕ್ಕೆ 300 ಲಿವ್ರ್ (ಆಗಿನ ಫ್ರೆಂಚ್ ಹಣ) ಪಿಂಚಣಿ ಕೊಡುವುದಾಗಿಯೂ ದೊರೆ ಘೋಷಿಸಿದ.

ಕರಾರಿನ ಆಳು, ಕಾಸಿರುವ ವಿಧವೆ

ಹೊಗೆಸೊಪ್ಪಿನ ಮದುಮಗಳಂದಿರ ಕಥೆ ಕಣ್ಣಿಗೆ ಕಟ್ಟುವಂತಿದೆ, ಆದರೆ ಸಂಖ್ಯೆಯಲ್ಲಿ ಅವರು ಬಹಳ ಕಡಿಮೆ. ಚೆಸಪೀಕ್‌ಗೆ ಬಂದವರಲ್ಲಿ ಬಹುಪಾಲು ಜನ ಕರಾರಿನ ಆಳುಗಳು. ಹಡಗಿನ ದರ ಕೊಡಲಾಗದ ಬಡ ಯುವಕ ಯುವತಿಯರು ನಾಲ್ಕರಿಂದ ಏಳು ವರ್ಷ ಒಬ್ಬ ಯಜಮಾನನ ಹೊಲದಲ್ಲಿ ದುಡಿಯಲು ಬರೆದುಕೊಟ್ಟು ಬರುತ್ತಿದ್ದರು. ಹೊಲದ ಕೆಲಸಕ್ಕೆ ಗಂಡಾಳೇ ಬೇಕೆಂದು ಯಜಮಾನರು ಬಯಸಿದ್ದರಿಂದ ಆರಂಭದ ದಶಕಗಳಲ್ಲಿ ಒಬ್ಬ ಹೆಂಗಸಿಗೆ ಆರು ಮಂದಿ ಗಂಡಸರು ಬಂದರು. ಶತಮಾನದ ನಂತರದ ಭಾಗದಲ್ಲಿಯೂ ಇಬ್ಬರು ಮೂವರಿಗೆ ಒಬ್ಬಳು.

ಕರಾರು ಮುಗಿಯುವ ತನಕ ಆಳಿಗೆ ಮದುವೆಯ ಹಕ್ಕಿಲ್ಲ. 1643ರ ವರ್ಜೀನಿಯಾ ಕಾನೂನಿನಂತೆ ಯಜಮಾನನಿಗೆ ತಿಳಿಸದೆ ಮದುವೆಯಾದರೆ ಗಂಡಾಳು ಒಂದು ವರ್ಷ ಹೆಚ್ಚು ದುಡಿಯಬೇಕು, ಹೆಣ್ಣಾಳಿನ ಅವಧಿ ಎರಡರಷ್ಟಾಗುತ್ತದೆ. ಮದುವೆಯಿಲ್ಲದೆ ಬಸಿರಾದರೆ ಮತ್ತೆ ವರ್ಷಗಳ ದುಡಿಮೆ. ಯಜಮಾನನೇ ಬಸಿರು ಮಾಡಿ, ಅದೇ ನೆಪದಲ್ಲಿ ಹೆಚ್ಚುವರಿ ದುಡಿಮೆಯನ್ನೂ ಪಡೆಯುವ ಪ್ರಕರಣಗಳು ಕಂಡಾಗ 1662ರಲ್ಲಿ ಕಾನೂನು ತಿದ್ದಿದರು. ಹೇಗೆ? ಆಕೆಯ ಎರಡು ವರ್ಷದ ಹೆಚ್ಚುವರಿ ದುಡಿಮೆಯನ್ನು ಚರ್ಚಿನವರು ಬೇರೆಯವನಿಗೆ ಮಾರಿ, ಬೆಲೆಯಾಗಿ ಬಂದ ಹೊಗೆಸೊಪ್ಪನ್ನು ಪ್ಯಾರಿಷ್‌ನ, ಅಂದರೆ ಆ ಚರ್ಚಿನ ವಲಯದ, ಖರ್ಚಿಗೆ ಹಾಕಿಕೊಳ್ಳಬೇಕು. ಯಜಮಾನನಿಗೆ ಲಾಭ ಸಿಗದಂತೆ ಮಾಡಿದರು. ದುಡಿಯುವವಳು ಮಾತ್ರ ದುಡಿಯುತ್ತಲೇ ಉಳಿದಳು.

ಹೀಗಾಗಿ ಆಳಾಗಿ ಬಂದ ಹೆಂಗಸು ಮದುವೆಯಾಗುವಾಗ ಇಪ್ಪತ್ತೈದರ ಆಸುಪಾಸು. ಗಂಡ ಅವಳಿಗಿಂತ ಸಾಕಷ್ಟು ದೊಡ್ಡವನು. ಅಲ್ಲಿಗೆ ಸೇರುವಷ್ಟರಲ್ಲಿ ಇಬ್ಬರ ಮೈಯನ್ನೂ ಮಲೇರಿಯಾ ಹಿಂಡಿರುತ್ತಿತ್ತು. ಚೌಗು ನೆಲ, ಸೊಳ್ಳೆ, ಕೆಟ್ಟ ನೀರು ಸೇರಿ ಹೊಸಬರನ್ನು ಮೊದಲ ವರ್ಷದಲ್ಲೇ ಪರೀಕ್ಷೆಗೆ ಒಡ್ಡುತ್ತಿದ್ದವು. ಬಸುರಿಯರಿಗೆ ಮಲೇರಿಯಾ ಇನ್ನೂ ಅಪಾಯ. ಮದುವೆಯಾದ ಏಳೆಂಟು ವರ್ಷಕ್ಕೆ ಇಬ್ಬರಲ್ಲೊಬ್ಬರು ಇಲ್ಲವಾಗುವುದು ಅಲ್ಲಿ ಸಾಮಾನ್ಯವಾಗಿತ್ತು. ವಯಸ್ಸಿನ ಅಂತರದಿಂದಾಗಿ ಮೊದಲು ಹೋಗುತ್ತಿದ್ದವನು ಹೆಚ್ಚಾಗಿ ಗಂಡನೇ.

ಇಲ್ಲಿ ಆಗಿನ ಇಂಗ್ಲಿಷ್ ಕಾನೂನಿನ ಒಂದು ಅಂಶ ತಿಳಿಯದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಆ ಕಾನೂನಿನಲ್ಲಿ ಮದುವೆಯಾದ ಹೆಣ್ಣಿಗೆ ಗಂಡನಿಂದ ಪ್ರತ್ಯೇಕವಾದ ಅಸ್ತಿತ್ವವಿಲ್ಲ. ಅವಳ ಹಣ, ಸಾಮಾನು, ಕೂಲಿ ಗಂಡನದು. ಅವಳ ಹೆಸರಿನಲ್ಲಿ ಕರಾರು ಮಾಡಲಾಗದು, ದಾವೆ ಹೂಡಲಾಗದು. ಗಂಡ ಸತ್ತ ದಿನ ಕರಾರು ಮಾಡುವ, ದಾವೆ ಹೂಡುವ ಹಕ್ಕು ಮರಳಿ ಬರುತ್ತದೆ. ಜೊತೆಗೆ ಗಂಡನ ಜಮೀನಿನ ಮೂರರಲ್ಲೊಂದು ಪಾಲನ್ನು ಬದುಕಿರುವವರೆಗೆ ಅನುಭವಿಸುವ ಹಕ್ಕು ಅವಳದು. ಚೆಸಪೀಕ್‌ನ ಗಂಡಸರು ಎಷ್ಟೋ ಬಾರಿ ಉಯಿಲಿನಲ್ಲಿ ಅದಕ್ಕಿಂತ ಹೆಚ್ಚನ್ನೇ ಹೆಂಡತಿಗೆ ಬಿಟ್ಟರು. ಮಕ್ಕಳು ಚಿಕ್ಕವರು, ಅಣ್ಣತಮ್ಮಂದಿರು ಸಾಗರದಾಚೆ, ನಂಬಲು ಬೇರೆ ಯಾರಿದ್ದರು? ಹೆಂಗಸರೇ ವಿರಳವಾದ ನಾಡಿನಲ್ಲಿ ಜಮೀನಿರುವ ವಿಧವೆಯ ಮನೆ ಬಾಗಿಲಿಗೆ ಸಂಬಂಧಗಳು ಸಾಲುಗಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ.

ಸಿಸಿಲಿ ಜೋರ್ಡನ್‌ಳ ಪ್ರಕರಣ ಇದಕ್ಕೆ ಸಾಕ್ಷಿ. 1623ರ ಆರಂಭದಲ್ಲಿ ಆಕೆಯ ಗಂಡ ಸ್ಯಾಮ್ಯುಯೆಲ್ ತೀರಿಕೊಂಡು ಮೂರ್ನಾಲ್ಕು ದಿನವಾಗಿತ್ತಷ್ಟೆ, ಗ್ರೆವಿಲ್ ಪೂಲಿ ಎಂಬ ಪಾದ್ರಿ ಮದುವೆಯ ಪ್ರಸ್ತಾಪ ತಂದ. ಆಕೆ ತುಂಬು ಬಸುರಿ. ಹೆರಿಗೆಯಾಗುವ ತನಕ ಯಾರನ್ನೂ ಮದುವೆಯಾಗುವುದಿಲ್ಲ ಎಂದಳು. ಅದನ್ನೇ ಪಾದ್ರಿ ಒಪ್ಪಿಗೆ ಎಂದುಕೊಂಡ. ಆಮೇಲೆ ಆಕೆ ಆಸ್ತಿ ವ್ಯವಹಾರ ನೋಡಿಕೊಳ್ಳುತ್ತಿದ್ದ ವಿಲಿಯಂ ಫರಾರ್‌ನಿಗೆ ಮಾತು ಕೊಟ್ಟಾಗ ಪಾದ್ರಿ ಕೊಟ್ಟ ಮಾತು ಮುರಿದಳೆಂದು ದಾವೆ ಹೂಡಿದ. ಗವರ್ನರ್ ಮತ್ತು ಮಂಡಳಿಗೆ ತೀರ್ಮಾನಿಸಲು ತೋಚದೆ ವಿಷಯವನ್ನು ಲಂಡನ್ನಿಗೆ ಬರೆದರು. ಕೊನೆಗೆ 1625ರಲ್ಲಿ ಪಾದ್ರಿಯೇ ಕೈಬಿಟ್ಟ, ಸಿಸಿಲಿ ಫರಾರ್‌ನನ್ನು ಮದುವೆಯಾದಳು. ಇಬ್ಬರಿಗೆ ಒಟ್ಟಿಗೆ ಮಾತು ಕೊಡುವ ಹೆಂಗಸರಿಗೆ ಶಿಕ್ಷೆ ಎಂಬ ಆಜ್ಞೆಯೂ ಹೊರಟಿತು. ಮೇರಿಲ್ಯಾಂಡಿನ ಮಾರ್ಗರೆಟ್ ಬ್ರೆಂಟ್ ಬೇರೆಯೇ ದಾರಿ ಹಿಡಿದಳು, ಮದುವೆಯನ್ನೇ ಆಗಲಿಲ್ಲ. ಗಂಡಸರು ತುಂಬಿದ ನಾಡಿನಲ್ಲಿ ಅದು ಆಕೆಯೇ ಆರಿಸಿಕೊಂಡ ಸ್ಥಿತಿ ಎಂಬುದರಲ್ಲಿ ನನಗೆ ಸಂಶಯವಿಲ್ಲ. ತನ್ನ ಹೆಸರಿನಲ್ಲಿ ಜಮೀನು ಮಾಡಿದಳು, ಕೋರ್ಟಿನಲ್ಲಿ ವಾದಿಸಿದಳು, 1648ರ ಜನವರಿಯಲ್ಲಿ ಶಾಸನಸಭೆಗೆ ಹೋಗಿ ಭೂಮಾಲಕಿಯಾಗಿ ಒಂದು, ಮೇರಿಲ್ಯಾಂಡಿನ ಒಡೆಯ ಲಾರ್ಡ್ ಬಾಲ್ಟಿಮೋರ್‌ನ ಪ್ರತಿನಿಧಿಯಾಗಿ ಒಂದು, ಹೀಗೆ ಎರಡು ಮತ ಕೇಳಿದಳು. ಕೊಡಲಿಲ್ಲ.

ಮತ್ತೆ ಮತ್ತೆ ಮದುವೆ ಎಂದರೆ ಮಕ್ಕಳ ಗತಿಯೇನು? ವರ್ಜೀನಿಯಾದ ಮಿಡ್ಲ್‌ಸೆಕ್ಸ್ ಕೌಂಟಿಯ ಒಂದು ಸಂಬಂಧದ ಸರಪಳಿ ನೋಡಿ. ಜಾರ್ಜ್ ಕೀಬಲ್ ಸತ್ತ, ಅವನ ಹೆಂಡತಿ ಮೇರಿ ರಾಬರ್ಟ್ ಬೆವರ್ಲಿಯನ್ನು ಮದುವೆಯಾದಳು. ಮೇರಿ ಸತ್ತಳು, ಬೆವರ್ಲಿ ಕ್ಯಾಥರೀನ್ ಹೋನ್ ಎಂಬ ವಿಧವೆಯನ್ನು ಮದುವೆಯಾದ. ಬೆವರ್ಲಿ ಸತ್ತ, ಕ್ಯಾಥರೀನ್ ಹೆಂಡತಿ ಕಳೆದುಕೊಂಡಿದ್ದ ಕ್ರಿಸ್ಟೋಫರ್ ರಾಬಿನ್ಸನ್‌ನನ್ನು ಮದುವೆಯಾದಳು. ಏಳು ಜನರ ನಡುವೆ ಆರು ಮದುವೆ, ಇಪ್ಪತ್ತೈದು ಮಕ್ಕಳು. ಅವರಲ್ಲಿ ಒಬ್ಬರೂ ಹೆತ್ತವರಿಬ್ಬರ ನೆರಳಿನಲ್ಲಿ ಬೆಳೆದು ದೊಡ್ಡವರಾಗಲಿಲ್ಲ. ಒಂದೇ ಮೇಜಿನ ಸುತ್ತ ಕುಳಿತ ಮಕ್ಕಳಲ್ಲಿ ಕೆಲವರಿಗೆ ಆ ಮನೆಯ ಯಜಮಾನನೂ ಯಜಮಾನಿಯೂ ರಕ್ತಸಂಬಂಧಿಗಳೇ ಅಲ್ಲ; ಮಲತಂದೆಯ ಹೊಸ ಹೆಂಡತಿಯ ಕೈತುತ್ತು ಉಂಡವರು ಅವರು. ಭಾಷೆಯೂ ಇದಕ್ಕೆ ಒಗ್ಗಿಕೊಂಡಿತು. ಉಯಿಲುಗಳಲ್ಲಿ ಗಂಡಸರು ‘ನನ್ನ ಈಗಿನ ಹೆಂಡತಿ’ ಎಂದು ಬರೆಯುತ್ತಿದ್ದರು. ಇಂದು ಅಳಿಯನಿಗೆ ಬಳಸುವ ‘ಸನ್ ಇನ್ ಲಾ’ ಎಂಬ ಮಾತು ಆಗ ಮಲಮಗನಿಗೂ ಸಲ್ಲುತ್ತಿತ್ತು. ಅನಾಥರ ಆಸ್ತಿಯನ್ನು ಮಲತಂದೆ ನುಂಗದಂತೆ ನೋಡಿಕೊಳ್ಳಲು ಕೌಂಟಿ ನ್ಯಾಯಾಲಯಗಳು ವರ್ಷವರ್ಷ ಲೆಕ್ಕ ಕೇಳತೊಡಗಿದವು. ಹಸುವನ್ನೇ ಮಗುವಿನ ಹೆಸರಿಗೆ ಗುರುತು ಹಾಕಿ ಬಿಡುವ ರೂಢಿ ಬಂತು, ಅದರ ಕರುಗಳೊಡನೆ ಮಗುವಿನ ಆಸ್ತಿಯೂ ಬೆಳೆಯಲಿ ಎಂದು.

ಅಪ್ಪಂದಿರು ಬಹಳ ಕಾಲ ಬದುಕಿದ ನಾಡು

ಉತ್ತರಕ್ಕೆ ಬಂದರೆ ಚಿತ್ರ ತಿರುವುಮುರುವು. 1630ರಿಂದ 1640ರವರೆಗೆ ನ್ಯೂ ಇಂಗ್ಲೆಂಡಿಗೆ ಬಂದ ಸುಮಾರು ಇಪ್ಪತ್ತು ಸಾವಿರ ಜನರಲ್ಲಿ ಹೆಚ್ಚಿನವರು ಇಂಗ್ಲೆಂಡಿನ ಚರ್ಚನ್ನು ಬೈಬಲ್ಲಿನಂತೆ ಶುದ್ಧಗೊಳಿಸಬೇಕೆನ್ನುತ್ತಿದ್ದ ಪ್ಯೂರಿಟನ್ ಪಂಥದವರು, ಹೆಂಡತಿ ಮಕ್ಕಳೊಡನೆ ಬಂದವರು. ಚಳಿ ಹೆಚ್ಚು, ಸೊಳ್ಳೆಯ ಕಾಟ ಕಡಿಮೆ, ನೀರು ಚೊಕ್ಕಟ, ಊರುಗಳು ಚದುರಿದ್ದರಿಂದ ಸಾಂಕ್ರಾಮಿಕಗಳು ಹರಡುವುದೂ ನಿಧಾನ. ಆ್ಯಂಡೋವರ್ ಎಂಬ ಊರಿನಲ್ಲಿ ಮೊದಲು ನೆಲೆಸಿದ ಗಂಡಸರು ಸರಾಸರಿ ಎಪ್ಪತ್ತು ವರ್ಷ ದಾಟಿ ಬದುಕಿದರು. ಹೆಂಗಸರು ಇಪ್ಪತ್ತರ ಆಚೀಚೆ ಮದುವೆಯಾಗಿ, ಎರಡು ಎರಡೂವರೆ ವರ್ಷಕ್ಕೊಂದರಂತೆ ಏಳೆಂಟು ಮಕ್ಕಳನ್ನು ಹೆತ್ತರು. ಅದೇ ಊರಿನಲ್ಲಿದ್ದ ಕವಯಿತ್ರಿ ಆ್ಯನ್ ಬ್ರ್ಯಾಡ್‌ಸ್ಟ್ರೀಟ್‌ಗೆ ಎಂಟು ಮಕ್ಕಳು. ಎಂಟು ಮಕ್ಕಳ ನಡುವೆ ಅಷ್ಟು ಕವಿತೆ ಬರೆಯಲು ಆಕೆ ಸಮಯವನ್ನು ಎಲ್ಲಿಂದ ಕಿತ್ತುಕೊಂಡಳೋ ಎಂದು ನಾನು ಅನೇಕ ಸಲ ಯೋಚಿಸಿದ್ದೇನೆ.

ದೀರ್ಘಾಯುಸ್ಸಿಗೂ ಅದರದೇ ಬಿಕ್ಕಟ್ಟು. ಜಮೀನು ಅಪ್ಪನ ಹೆಸರಿನಲ್ಲಿ. ಅವನು ಎಪ್ಪತ್ತರವರೆಗೆ ಬದುಕಿ ಪತ್ರ ಬರೆದುಕೊಡದಿದ್ದರೆ ಮಗನಿಗೆ ಸ್ವಂತ ಹೊಲವಿಲ್ಲ, ಹೊಲವಿಲ್ಲದೆ ಮದುವೆಯಿಲ್ಲ. ಆ್ಯಂಡೋವರ್‌ನ ಗಂಡುಮಕ್ಕಳು ಇಪ್ಪತ್ತಾರು ಇಪ್ಪತ್ತೇಳರವರೆಗೆ ಕಾದರು. ಮದುವೆಯಾಗಿ ಬೇರೆ ಮನೆ ಹೂಡಿದ ಮೇಲೂ ಅಪ್ಪ ಭೂಮಿಯ ಹಕ್ಕನ್ನು ಬಿಟ್ಟುಕೊಡದೆ ಇರುವುದಿತ್ತು. ವರ್ಜೀನಿಯಾದ ಹುಡುಗ ಹತ್ತಕ್ಕೆ ಅನಾಥನಾಗಿ ಇಪ್ಪತ್ತೊಂದಕ್ಕೆ ಜಮೀನ್ದಾರನಾಗುತ್ತಿದ್ದ. ಮ್ಯಾಸಚೂಸೆಟ್ಸ್‌ನ ಹುಡುಗ ಮೂವತ್ತಕ್ಕೂ ಅಪ್ಪನ ಮಾತು ಮೀರಲಾಗದ ಮಗನಾಗಿಯೇ ಉಳಿಯುತ್ತಿದ್ದ. ಆಸ್ತಿ ಪಾಲಾಗದ ದೊಡ್ಡ ಮನೆಗಳನ್ನು ಕಂಡ ನಮ್ಮ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಪ್ಯೂರಿಟನ್ನರಲ್ಲಿ ಮದುವೆ ಚರ್ಚಿನ ಸಂಸ್ಕಾರವೇ ಆಗಿರಲಿಲ್ಲ ಎಂಬುದು ಹಲವರಿಗೆ ಅಚ್ಚರಿ ತರುತ್ತದೆ. ಬೈಬಲ್ಲಿನಲ್ಲಿ ಪಾದ್ರಿಯೇ ಮದುವೆ ಮಾಡಿಸಬೇಕೆಂದು ಎಲ್ಲಿಯೂ ಹೇಳಿಲ್ಲ, ಆದ್ದರಿಂದ ಅದು ಲೌಕಿಕ ಕರಾರು ಎಂದು ಅವರು ವಾದಿಸಿದರು. ಸುಸಾನಾ ಮತ್ತು ವಿನ್ಸ್ಲೋರ ಮದುವೆ ನಡೆದದ್ದೂ ಹೀಗೆಯೇ, ಅಧಿಕಾರಿಯ ಎದುರು, ಅವರು ಹಿಂದೆ ನೆಲೆಸಿದ್ದ ಹಾಲೆಂಡಿನ ಪದ್ಧತಿಯಂತೆ. ಕರಾರು ಎಂದ ಮೇಲೆ ಒಬ್ಬರು ಮುರಿದರೆ ಇನ್ನೊಬ್ಬರಿಗೆ ಬಿಡುಗಡೆ ಸಿಗಬೇಕಲ್ಲ? ಇಂಗ್ಲೆಂಡಿನಲ್ಲಿ ಮರುಮದುವೆಗೆ ಅವಕಾಶವಿರುವ ವಿಚ್ಛೇದನವೇ ಇಲ್ಲದ ಕಾಲದಲ್ಲಿ ಮ್ಯಾಸಚೂಸೆಟ್ಸ್ ಅದನ್ನು ಕೊಟ್ಟಿತು. ಆ್ಯನ್ ಕ್ಲಾರ್ಕ್ ಎಂಬಾಕೆಯನ್ನು ಗಂಡ ಡೆನಿಸ್ ಬಿಟ್ಟುಹೋಗಿ ಇನ್ನೊಬ್ಬಳೊಡನೆ ಸಂಸಾರ ಹೂಡಿ, ಮರಳಲು ಒಪ್ಪದಿದ್ದಾಗ 1640ರ ದಶಕದಲ್ಲಿ ಬಾಸ್ಟನ್ನಿನ ನ್ಯಾಯಾಲಯ ಆಕೆಯನ್ನು ಬಿಡುಗಡೆ ಮಾಡಿತು.

1641ರ ಮ್ಯಾಸಚೂಸೆಟ್ಸ್ ಕಾನೂನು ಸಂಹಿತೆಯಲ್ಲಿ ಗಂಡ ಹೆಂಡತಿಯ ಮೇಲೆ ಕೈ ಮಾಡಬಾರದು ಎಂದಿದೆ. ಅವಳೇ ಮೇಲೆ ಬಿದ್ದಾಗ ಆತ್ಮರಕ್ಷಣೆಗೆ ಮಾತ್ರ ವಿನಾಯಿತಿ. ತಂದೆತಾಯಿ ಕಾರಣವಿಲ್ಲದೆ ಮದುವೆಗೆ ಅಡ್ಡ ಬಂದರೆ ಮಕ್ಕಳು ಅಧಿಕಾರಿಗೆ ದೂರು ಕೊಡಬಹುದು ಎಂದೂ ಇದೆ. ಇದರ ಇನ್ನೊಂದು ಮಗ್ಗುಲೆಂದರೆ 1647ರ ಕಾನೂನು: ಹೆತ್ತವರ ಅನುಮತಿಯಿಲ್ಲದೆ ಹುಡುಗಿಯನ್ನು ಒಲಿಸಿಕೊಳ್ಳಲು ಹೋದವನಿಗೆ ಮೊದಲ ತಪ್ಪಿಗೆ 5 ಪೌಂಡ್ ದಂಡ. ಒಂಟಿ ಗಂಡಸು ಊರಿನವರ ಒಪ್ಪಿಗೆಯಿಲ್ಲದೆ ತಾನೇ ಮನೆ ಮಾಡಿಕೊಂಡಿರುವಂತಿಲ್ಲ ಎಂದು ಕನೆಕ್ಟಿಕಟ್ 1637ರಲ್ಲಿ ವಿಧಿಸಿತು. ಸಂಸಾರವೇ ಅವರಿಗೆ ಶಾಲೆ, ಆಸ್ಪತ್ರೆ, ಪೊಲೀಸ್ ಠಾಣೆ ಎಲ್ಲವೂ ಆಗಿದ್ದರಿಂದ ಅದರ ಹೊರಗೆ ಯಾರನ್ನೂ ಬಿಡಲು ಅವರಿಗೆ ಧೈರ್ಯವಿರಲಿಲ್ಲ.

ಆಸ್ತಿಯ ಮಾತುಕತೆಯನ್ನು ಯಾರೂ ಮುಚ್ಚಿಡುತ್ತಿರಲಿಲ್ಲ. ಬಾಸ್ಟನ್ನಿನ ನ್ಯಾಯಾಧೀಶ ಸ್ಯಾಮ್ಯುಯೆಲ್ ಸೀವಾಲ್‌ನ ಮೊದಲ ಹೆಂಡತಿ ಹಾನಾ ಹದಿನಾಲ್ಕು ಮಕ್ಕಳನ್ನು ಹೆತ್ತಳು, ಅರ್ಧಕ್ಕಿಂತ ಹೆಚ್ಚು ಮಂದಿ ಬೆಳೆಯುವ ಮೊದಲೇ ಸತ್ತರು. ಅರವತ್ತೆಂಟನೆಯ ವಯಸ್ಸಿನಲ್ಲಿ, 1720ರಲ್ಲಿ, ಆತ ಕ್ಯಾಥರೀನ್ ವಿನ್‌ಥ್ರಾಪ್ ಎಂಬ ವಿಧವೆಯ ಮನೆಗೆ ಸಕ್ಕರೆ ಹಚ್ಚಿದ ಬಾದಾಮಿ ಒಯ್ದು ಮದುವೆಯ ಮಾತೆತ್ತಿದ. ತಾನು ಮೊದಲು ಸತ್ತರೆ ಆಕೆಗೆ ವರ್ಷಕ್ಕೆ 100 ಪೌಂಡ್ ಎಂದ. ಆಕೆ ಕುದುರೆಗಾಡಿ ಇಡಬೇಕೆಂದಳು, ಆತ ಸಾಲವಾದೀತೆಂದ. ಆತ ಟೋಪನ್ (ಕೃತಕ ಕೂದಲು) ಧರಿಸಬೇಕೆಂದು ಆಕೆ ಹೇಳಿದಳು, ಆತ ಅದು ದೇವರಿಗೆ ಒಪ್ಪದ್ದು ಎಂದ. ಸಂಬಂಧ ಕೂಡಲಿಲ್ಲ. ಇದನ್ನೆಲ್ಲ ಆತ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ, ಓದುವಾಗ ಇಬ್ಬರು ವಯಸ್ಸಾದವರ ಒಂಟಿತನ ತಟ್ಟುತ್ತದೆ.

ಯಾರ ಮದುವೆ ಮದುವೆಯಾಯಿತು

ಇಲ್ಲಿಯವರೆಗೆ ಹೇಳಿದ ಕಾನೂನುಗಳು ಕಾಪಾಡಿದ್ದು ಕೆಲವರ ಸಂಸಾರವನ್ನು ಮಾತ್ರ. ಆ್ಯಂಟನಿ ಜಾನ್ಸನ್ ಎಂಬ ಆಫ್ರಿಕನ್ 1621ರಲ್ಲಿ ವರ್ಜೀನಿಯಾಕ್ಕೆ ಬಂದ, ಮೇರಿ ಎಂಬ ಆಫ್ರಿಕನ್ ಹೆಣ್ಣುಮಗಳು ಮರುವರ್ಷ. ಇಬ್ಬರೂ ಮದುವೆಯಾಗಿ, ಬಿಡುಗಡೆ ಪಡೆದು, ನಾಲ್ಕು ಮಕ್ಕಳನ್ನು ಬೆಳೆಸಿ, 1651ರ ಹೊತ್ತಿಗೆ 250 ಎಕರೆ ಜಮೀನು ಮಾಡಿದರು. ಏಳೆಂಟು ವರ್ಷಕ್ಕೆ ಮದುವೆ ಮುಗಿಯುತ್ತಿದ್ದ ನಾಡಿನಲ್ಲಿ ಇವರು ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಜೊತೆಯಾಗಿ ಬಾಳಿದರು. ಆಮೇಲೆ ಮೇರಿಲ್ಯಾಂಡಿಗೆ ಹೋಗಿ ನೆಲೆಸಿದ್ದ ಆ್ಯಂಟನಿ 1670ರಲ್ಲಿ ಸತ್ತಾಗ ವರ್ಜೀನಿಯಾದ ಪಂಚರು ‘ಆತ ನೀಗ್ರೋ, ಆದ್ದರಿಂದ ಪರಕೀಯ’ ಎಂದು ಆತ ಅಲ್ಲಿ ಬಿಟ್ಟುಬಂದಿದ್ದ ನೆಲವನ್ನು ಮಕ್ಕಳಿಗೆ ಸಿಗದಂತೆ ಮಾಡಿದರು.

ಆ ನಡುವೆ ಕಾನೂನು ಬದಲಾಗಿತ್ತು. ಇಂಗ್ಲಿಷ್ ತಂದೆ, ಆಫ್ರಿಕನ್ ತಾಯಿಯ ಮಗಳಾದ ಎಲಿಜಬೆತ್ ಕೀ 1656ರಲ್ಲಿ ‘ನಾನು ಇಂಗ್ಲಿಷನ ಮಗಳು, ಗುಲಾಮಳಲ್ಲ’ ಎಂದು ವಾದಿಸಿ ಬಿಡುಗಡೆ ಪಡೆದಳು, ತನ್ನ ವಕೀಲ ವಿಲಿಯಂ ಗ್ರಿನ್‌ಸ್ಟೆಡ್‌ನನ್ನೇ ಮದುವೆಯಾದಳು. ಆರು ವರ್ಷದಲ್ಲಿ, 1662ರಲ್ಲಿ, ವರ್ಜೀನಿಯಾ ಆ ಬಾಗಿಲನ್ನು ಮುಚ್ಚಿತು: ಮಗು ಸ್ವತಂತ್ರವೋ ಗುಲಾಮವೋ ಎಂಬುದು ತಾಯಿಯ ಸ್ಥಿತಿಯಿಂದ ತೀರ್ಮಾನ. ಇಂಗ್ಲಿಷ್ ಸಂಸಾರದ ಅಡಿಪಾಯವೇ ತಂದೆಯ ಹೆಸರು, ತಂದೆಯ ಕುಲ. ಅದನ್ನೇ ಇಲ್ಲಿ ತಲೆಕೆಳಗು ಮಾಡಿದರು. ಗುಲಾಮ ಹೆಣ್ಣಿನಲ್ಲಿ ಹುಟ್ಟಿದ ಪ್ರತಿ ಮಗುವೂ ಯಜಮಾನನ ಆಸ್ತಿಯಾಯಿತು, ಆ ಮಗುವಿನ ತಂದೆ ಆ ಯಜಮಾನನೇ ಆಗಿದ್ದರೂ. ಈ ಲೇಖನಕ್ಕಾಗಿ ಓದಿದ ಕಾನೂನುಗಳಲ್ಲಿ ನನ್ನನ್ನು ಅತಿ ಹೆಚ್ಚು ಕಲಕಿದ್ದು ಈ ಒಂದು ಸಾಲು.

ಮೇರಿಲ್ಯಾಂಡಿನ 1664ರ ಕಾನೂನು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಗುಲಾಮನನ್ನು ಮದುವೆಯಾದ ಬಿಳಿಯ ಹೆಂಗಸು ಗಂಡ ಬದುಕಿರುವ ತನಕ ಅವನ ಯಜಮಾನನಿಗೆ ದುಡಿಯಬೇಕು, ಹುಟ್ಟುವ ಮಕ್ಕಳು ಗುಲಾಮರು ಎಂದಿತು. ಅದು ಜಾರಿಯಲ್ಲಿದ್ದಾಗಲೇ, 1681ರಲ್ಲಿ, ನೆಲ್ ಬಟ್ಲರ್ ಎಂಬ ಐರಿಷ್ ಸೇವಕಿ ಚಾರ್ಲ್ಸ್ ಎಂಬ ಗುಲಾಮನನ್ನು ಮದುವೆಯಾದಳು. ಆಕೆಯ ಒಡೆಯ ಲಾರ್ಡ್ ಬಾಲ್ಟಿಮೋರ್ ಎಚ್ಚರಿಸಿದನಂತೆ, ನೀನೂ ನಿನ್ನ ಸಂತಾನವೂ ಗುಲಾಮರಾಗುತ್ತೀರಿ ಎಂದು. ನಿಮ್ಮನ್ನು ಮದುವೆಯಾಗುವುದಕ್ಕಿಂತ ಚಾರ್ಲ್ಸ್‌ನನ್ನೇ ಆಗುತ್ತೇನೆ ಎಂದು ಆಕೆ ಅಂದಳಂತೆ. ಈ ಮಾತು ನಮಗೆ ತಿಳಿದಿರುವುದು ಎಂಬತ್ತು ವರ್ಷಗಳಾದ ಮೇಲೆ ಕೋರ್ಟಿನಲ್ಲಿ ಹೇಳಿಕೆ ಕೊಟ್ಟ ಮುದುಕ ಮುದುಕಿಯರಿಂದ. ಆ ಮದುವೆಯ ದಿನವನ್ನು ಊರಿನವರು ಬಾಯಿಂದ ಬಾಯಿಗೆ ದಾಟಿಸಿ ಕಾಪಾಡಿಕೊಂಡಿದ್ದರು. ನೆಲ್‌ಳ ಮೊಮ್ಮಕ್ಕಳು ಬಿಡುಗಡೆಗೆ ದಾವೆ ಹೂಡಿ 1771ರಲ್ಲಿ ಮೇಲ್ಮನವಿಯಲ್ಲಿ ಸೋತರು. ಅವರ ಮಗಳು ಮೇರಿ ಬಟ್ಲರ್ 1787ರಲ್ಲಿ ಮತ್ತೆ ಕೋರ್ಟಿಗೆ ಹೋದಳು. ನೆಲ್‌ಳನ್ನು ಆ ಕಾನೂನಿನಡಿ ಯಾವ ನ್ಯಾಯಾಲಯವೂ ಅಪರಾಧಿ ಎಂದು ಸಾರಿದ ದಾಖಲೆಯಿಲ್ಲ, ಆದ್ದರಿಂದ ಆಕೆಯ ಸಂತತಿಯನ್ನು ಗುಲಾಮರೆನ್ನಲಾಗದು ಎಂದು ನ್ಯಾಯಾಧೀಶರು ತೀರ್ಪಿತ್ತರು. ಚಾರ್ಲ್ಸ್ ಮತ್ತು ನೆಲ್ ಮದುವೆಯಾಗಿ ನೂರಾ ಆರು ವರ್ಷಗಳ ಮೇಲೆ ಅವರ ಮರಿಮಗಳು ಸ್ವತಂತ್ರಳಾಗಿ ಕೋರ್ಟಿನಿಂದ ಹೊರಬಂದಳು.